ಒಂದನೇ ಗಾಡಿಯ ಕೊನೇ ಮಳೆಗಾಲ

ಮೊನ್ನೆ ಅಮಾವಾಸ್ಯೆ ದಿನ ಬಸ್ಸಿನ ಸ್ಪ್ರಿಂಗ್ ಪಟ್ಟಿ ತರೋಕೆ ನಾಗಮಂಗಲಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಗುಜರಿಯವನೊಬ್ಬ ಹಳೇ ಬಸ್ಸನ್ನ ಗ್ಯಾಸ್ ಹಚ್ಚಿ ಕತ್ತರಿಸ್ತಿದ್ದ. ಬೆಳಗಿನಿಂದ ಜಿಟಿಜಿಟಿ ಮಳೆ. ನೆನೆದ ತುಕ್ಕು ಬೆಂಕಿಗೆ ಸಿಕ್ಕಿದಾಗ ಒಂದು ವಾಸನೆ ಬರುತ್ತೆ, ಗೊತ್ತಿಲ್ಲದವರಿಗೆ ಅದು ಬರೀ ಹೊಗೆ. ನನಗೆ ಹಾಗಲ್ಲ. ಕೈಲಿದ್ದ ಟೀ ಚೆಲ್ಲಿ ಸೀದಾ ಬಂದು ಬಸ್ ಹತ್ತಿ ಕೂತೆ. ಕೆ.ಆರ್. ಪೇಟೆ ಬರೋ ಹೊತ್ತಿಗೆ ಎರಡು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಕಣ್ಣ ಮುಂದೆ ಹಾದುಹೋಗಿತ್ತು.

ನನ್ನ ಹೆಸರು ಸ್ವಾಮಿ, ಊರಿನವರ ಬಾಯಲ್ಲಿ ಸಾಮಿ. ಹುಟ್ಟಿದ್ದು ಬೆಳಗೊಳದಲ್ಲಿ. ಇಪ್ಪತ್ತಾರು ವರ್ಷ ಬೆಂಗಳೂರಿನ ಒಂದು ಹ್ಯಾಂಗರಿನಲ್ಲಿ ವಿಮಾನದ ತಗಡಿನ ಕೆಲಸ ಮಾಡಿದೆ. ಪೈಲಟ್ ಅಂತ ತಿಳ್ಕೊಂಡು ಊರಿನವರು ಮೊದಮೊದಲು ಜಗಲಿ ಮೇಲೆ ಜಾಗ ಬಿಟ್ಟು ಕೂರಿಸ್ತಿದ್ರು. ತಗಡು ಬಡಿಯೋನು ಅಂತ ಗೊತ್ತಾದ ಮೇಲೆ ಸೊಟ್ಟಗಾದ ಸೈಕಲ್ ಮಡ್‌ಗಾರ್ಡ್ ತಂದುಕೊಟ್ಟರು. ನನ್ನನ್ನ ಐಟಿಐಗೆ ಸೇರಿಸಿ ಓದಿಸಿದ್ದು ಭಾವ, ಅಂದ್ರೆ ಅಕ್ಕ ಜಯಮ್ಮನ ಗಂಡ ಬೋರೇಗೌಡರು. ಆಗ ಅವರು ಬೇರೆಯವರ ಬಸ್ ಓಡಿಸೋ ಡ್ರೈವರ್. ಆಮೇಲೆ ನಾಲ್ಕು ಬಸ್ಸಿನ ಮಾಲೀಕರಾದರು.

ನಮ್ಮ ವಿಮಾನ ಕಂಪನಿ ಹತ್ತಿರ ಇದ್ದದ್ದೆಲ್ಲ ಹಳೇ ವಿಮಾನಗಳು. ಬೇರೆ ದೇಶದವರು ಹಾರಿಸಿ ಹಾರಿಸಿ ಸಾಕಾಗಿ ಬಿಟ್ಟದ್ದನ್ನ ತಂದಿದ್ರು. ಹೊಸದು ಕೊಳ್ಳೋ ಮಾತು ಪ್ರತಿ ವರ್ಷ ಬರ್ತಿತ್ತು. ದೊಡ್ಡ ಜೆಟ್ ತರೋದೋ, ರೆಕ್ಕೆಗೆ ಫ್ಯಾನ್ ಇರೋ ಚಿಕ್ಕದು ತರೋದೋ ಅಂತ ಮೇಲಿನವರು ಕಿತ್ತಾಡೋರು. ದೊಡ್ಡದಾದ್ರೆ ಸೀಟು ತುಂಬಲ್ಲ, ಚಿಕ್ಕದಾದ್ರೆ ಜನಕ್ಕೆ ಸಾಲಲ್ಲ. ಆ ಜಗಳ ಮುಗಿಯಲೂ ಇಲ್ಲ, ಹಳೇವು ನಿಲ್ಲಲೂ ಇಲ್ಲ. ಹಳೇ ವಿಮಾನವನ್ನ ಗುಡುಗು ಸಿಡಿಲು ಕೆಡಿಸುತ್ತೆ ಅಂತ ಜನ ತಿಳ್ಕೊಂಡಿರ್ತಾರೆ. ಕೆಡಿಸೋದು ಚೆಲ್ಲಿದ ಕಾಫಿ. ಕಾಫಿ ಕಾಸೋ ಜಾಗದ ಕೆಳಗೆ, ಕಕ್ಕಸಿನ ಕೆಳಗೆ, ಹನಿ ಹನಿ ಇಳಿದು ನೆಲ ಹೊತ್ತ ತೊಲೆಗಳನ್ನ ತಿಂದುಹಾಕುತ್ತೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಲ್ಲ, ಅಕ್ಕಿ ಹಿಟ್ಟಿನ ಥರ ಬೆಳ್ಳಗೆ ಉದುರುತ್ತೆ. ಮೇಲಿನ ಪೇಂಟು ಮಾತ್ರ ಸಣ್ಣಗೆ ಉಬ್ಬಿಕೊಂಡಿರುತ್ತೆ, ಅಷ್ಟೇ ಗುರುತು.

ಅಂಥ ಒಂದು ಉಬ್ಬು, ಹೆಬ್ಬೆರಳ ಉಗುರಿನಷ್ಟು, ಒಂದು ವಿಮಾನದ ಲಗೇಜು ಬಾಗಿಲ ಪಕ್ಕ ನನ್ನ ಕಣ್ಣಿಗೆ ಬಿತ್ತು. ಕೆರೆದು ನೋಡಬೇಕು ಅಂದೆ. ಇನ್ನೊಂದು ಗಂಟೆಗೆ ಇದು ಹೊರಡಬೇಕು, ಮುಂದಿನ ಚೆಕ್‌ನಲ್ಲಿ ನೋಡೋಣ, ಸರಿಯಿದೆ ಅಂತ ಸೈನ್ ಹಾಕು ಅಂದ್ರು ಮೇಲಿನವರು. ಹಾಕಿದೆ. ಸುಳ್ಳು ಯಾಕೆ ಹೇಳಲಿ, ಎರಡನೇ ಸಲ ಯೋಚಿಸಲೂ ಇಲ್ಲ. ಆಮೇಲೆ ಆ ವಿಮಾನ ಪ್ರತಿ ಸಲ ಇಳಿದಾಗ ಹೋಗಿ ನೋಡಿಬರ್ತಿದ್ದೆ, ಬಂತಲ್ಲ ಅಂತ. ಬೇರೆ ಊರಿನ ಇನ್ನೊಬ್ಬ ಮೆಕ್ಯಾನಿಕ್ ಕೊನೆಗೆ ಅದನ್ನ ಕೆರೆದ. ತಗಡನ್ನ ಹೊರೋ ಒಳಗಿನ ಪಟ್ಟಿ ಎರಡು ಬೆರಳುದ್ದ ತಿಂದುಹೋಗಿತ್ತಂತೆ. ಯಾರಿಗೂ ಏನೂ ಆಗಲಿಲ್ಲ, ನನ್ನನ್ನ ಯಾರೂ ಬೈಯಲೂ ಇಲ್ಲ. ಬೈದಿದ್ರೆ ಹಗುರಾಗ್ತಿತ್ತೇನೋ. ಸ್ವಲ್ಪ ದಿನಕ್ಕೆ ಕಂಪನಿಯೇ ಮುಚ್ಚಿತು, ನಾನು ಪೆಟ್ಟಿಗೆ ಕಟ್ಟಿಕೊಂಡು ಪಾಂಡವಪುರಕ್ಕೆ ಬಂದೆ.

ಭಾವನ ಶೆಡ್ಡು ಇರೋದು ರೈಲ್ವೆ ಸ್ಟೇಷನ್ ರಸ್ತೆಯಲ್ಲಿ, ಮನೆಗೆ ಅಂಟಿಕೊಂಡು. ಬಸ್ಸುಗಳನ್ನ ನೋಡ್ಕೊ ಅಂದ್ರು. ನಾನು ಹ್ಯಾಂಗರಿನ ಒಂದು ಪದ್ಧತಿ ತಂದೆ. ಪ್ರತಿ ಬಸ್ಸಿಗೂ ಒಂದು ನೋಟ್‌ಬುಕ್ಕು, ಬೆಳಿಗ್ಗೆ ಚೆಕ್ ಮಾಡಿ ನಾನು ಸೈನ್ ಹಾಕಿದ ಮೇಲೇ ಗಾಡಿ ಹೊರಡಬೇಕು. ಭಾವ ನಕ್ಕರು, ಆದರೂ ಒಪ್ಪಿದರು. ಡ್ರೈವರ್ ಕೆಂಪಣ್ಣ ಮಾತ್ರ ನಗಲಿಲ್ಲ. ಸೈನ್ ಆದ ಪುಸ್ತಕವನ್ನ ಕಣ್ಣಿಗೆ ಒತ್ತಿಕೊಂಡೇ ಸ್ಟೇರಿಂಗ್ ಮುಟ್ಟೋನು. ಅವನು ಹಾಗೆ ಒತ್ತಿಕೊಳ್ಳುವಾಗೆಲ್ಲ ನನಗೆ ಮುಖ ಬಿಸಿಯಾಗ್ತಿತ್ತು.

ಕೆಂಪಣ್ಣ ಓಡಿಸ್ತಿದ್ದದ್ದು ಒಂದನೇ ಗಾಡಿ. ಭಾವ ಜೀವನದಲ್ಲಿ ಮೊದಲ ಸಲ ಹೊಸ ಚಾಸಿ ತಂದು ಬಾಡಿ ಕಟ್ಟಿಸಿದ ಬಸ್ಸು ಅದು. ಹಣೆ ಮೇಲೆ ಅಕ್ಕನ ಹೆಸರು ಬರೆಸಿದ್ರು. ಹದಿನಾಲ್ಕು ವರ್ಷ ಆಗಿತ್ತು. ಬೆಳಿಗ್ಗೆ ಆರೂವರೆಗೆ ಪಾಂಡವಪುರ ಬಿಟ್ಟು ಕೆ.ಆರ್. ಪೇಟೆ ಮೇಲೆ ನಾಗಮಂಗಲ, ಅಲ್ಲಿಂದ ತಿರುಗಿ ಬರೋವಾಗ ಕಾಲೇಜಿನವರನ್ನ ತುಂಬಿಕೊಂಡು ಶ್ರೀರಂಗಪಟ್ಟಣದ ತನಕ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಅಂತಾದ ಮೇಲೆ ಪ್ರೈವೇಟ್ ಬಸ್ಸೆಲ್ಲ ಬಣಗುಟ್ಟಿದ್ವು. ಆದರೆ ಆ ಹೊತ್ತಿಗೆ ಆ ದಾರಿಗೆ ಸರ್ಕಾರಿ ಬಸ್ಸಿರಲಿಲ್ಲ. ಕಿಕ್ಕೇರಿ ಕಡೆಯಿಂದ ಬಂದು ಕೆ.ಆರ್. ಪೇಟೆಯಲ್ಲಿ ಹತ್ತೋ ಹುಡುಗಿಯರು ಹಿಂದಿನ ಉದ್ದ ಸೀಟಿನಲ್ಲಿ ಆರು ಜನರ ಜಾಗಕ್ಕೆ ಎಂಟು ಜನ ಕೂತ್ಕೊಂಡು, ಶ್ರೀರಂಗಪಟ್ಟಣ ಬರೋ ತನಕ ಬಾಯಿ ಮುಚ್ತಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಹಿಡಿದ ಮಳೆ ಬಿಡಲಿಲ್ಲ. ರಸ್ತೆಗಿಂತ ಗುಂಡಿಯೇ ಜಾಸ್ತಿ. ಒಂದು ದಿನ ಆ ಹುಡುಗಿಯರಲ್ಲಿ ಒಬ್ಬಳು ಇಳಿಯುವಾಗ ಕೆಂಪಣ್ಣನಿಗೆ, ಅಣ್ಣ, ಹಿಂದುಗಡೆ ಮೂಲೇಲಿ ಕಾಲಿಗೆ ಕೆಳಗಿಂದ ನೀರು ಚಿಮ್ಮುತ್ತೆ ಅಂತ ಹೇಳಿ ಹೋದಳಂತೆ. ಸಂಜೆ ಗಾಡಿ ಬಂದ ಕೂಡಲೇ ಹೋಗಿ ರಬ್ಬರ್ ಮ್ಯಾಟ್ ಎತ್ತಿದೆ. ನೆಲದ ಅಲ್ಯೂಮಿನಿಯಂ ಶೀಟಿನ ಮೇಲೆ ಅಕ್ಕಿ ಹಿಟ್ಟು. ಇಲ್ಲಿಗೂ ಬಂತಲ್ಲಪ್ಪ ಇದು ಅಂದ್ಕೊಂಡೆ.

ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ಮಲಗಿದೆ. ನೆಲ ಹೊರೋ ಕಬ್ಬಿಣದ ಅಡ್ಡತೊಲೆಗೆ ಸ್ಕ್ರೂ ಡ್ರೈವರ್ ಒತ್ತಿದರೆ ನೆನೆದ ಬಿಸ್ಕತ್ತಿಗೆ ಬೆರಳು ಹೋದಂಗೆ ಒಳಕ್ಕೆ ಹೋಯ್ತು. ಎಡಗಡೆ ಮೂಲೆಯ ಮೂರು ತೊಲೆ ಪೂರ್ತಿ ಹೋಗಿದ್ವು, ನಾಲ್ಕನೇದು ಅರ್ಧ. ಉದ್ದ ಸೀಟಿನ ಬೋಲ್ಟುಗಳು ನಿಂತಿದ್ದೇ ಅವುಗಳ ಮೇಲೆ. ಒಂದು ದೊಡ್ಡ ಗುಂಡಿಗೆ ಬಿದ್ದರೆ ಸಾಕು, ಆ ಮೂಲೆ ಕುಸಿದು ಅಲ್ಲಿ ಕೂತವರು ಓಡೋ ಗಾಡಿಯಿಂದ ರಸ್ತೆಗೆ ಬೀಳ್ತಾರೆ. ಮಿಕ್ಕ ಗಾಡಿಯೆಲ್ಲ ತಡಕಿದೆ, ವಯಸ್ಸಿಗೆ ತಕ್ಕಷ್ಟು ತುಕ್ಕು ಬಿಟ್ಟರೆ ಗಟ್ಟಿಯಾಗಿತ್ತು. ಈ ಮೂಲೆಯೊಂದೇ ಯಾಕೆ ಹೀಗೆ ಅಂತ ತಲೆಬುಡ ಗೊತ್ತಾಗಲಿಲ್ಲ.

ಮತ್ತೆ ಒಳಗೆ ಹತ್ತಿ ಸೀಟಿನ ಅಡಿ ಟಾರ್ಚ್ ಬಿಟ್ಟೆ. ಮೂಲೆ ಸೀಟಿನ ಕಾಲಿಗೆ ಒಂದು ಕೆಂಪು ಬಟ್ಟೆಯ ಗಂಟು ಕಟ್ಟಿತ್ತು, ನೆನೆದು ತೊಟ್ಟಿಕ್ತಾ ಇತ್ತು. ಬೆರಳಿಗೆ ತಗೊಂಡು ನಾಲಿಗೆಗೆ ಇಟ್ಟೆ. ಉಪ್ಪು.

ಅದು ಅಕ್ಕನ ಕೆಲಸ. ಗಾಡಿ ಬಂದ ದಿನದಿಂದ ಪ್ರತಿ ಅಮಾವಾಸ್ಯೆ ಅದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು, ಒಂದು ಹಿಡಿ ಕಲ್ಲುಪ್ಪನ್ನ ಕೆಂಪು ಬಟ್ಟೆಯಲ್ಲಿ ಗಂಟು ಹಾಕಿ ಯಾರ ಕಣ್ಣಿಗೂ ಬೀಳದ ಆ ಮೂಲೆಗೆ ಕಟ್ಟೋಳು. ಮುಂದಿನ ಅಮಾವಾಸ್ಯೆಗೆ ಹಳೇದು ಬಿಚ್ಚಿ ಹೊಸದು. ಉಪ್ಪು ಎಷ್ಟು ಕರಗಿದ್ರೆ ಗಾಡಿ ಮೇಲೆ ಬಿದ್ದ ಕೆಟ್ಟ ಕಣ್ಣು ಅಷ್ಟು ಕರಗಿತು ಅಂತ ಅವಳ ಲೆಕ್ಕ. ಮಳೆಗಾಲದಲ್ಲಿ ಬರೀ ಬಟ್ಟೆ ಉಳಿದಿರೋದು. ಆಗ ಅವಳಿಗೆ ಇನ್ನಿಲ್ಲದ ಸಮಾಧಾನ. ನನ್ನ ಮುಂದೆಯೇ ಎಷ್ಟು ಸಲ ಹೇಳಿದ್ದಾಳೆ, ಈ ತಿಂಗಳು ಪೂರ್ತಿ ಕರಗೋಗಿತ್ತು ಕಣ್ಲಾ ಸಾಮಿ, ಅದೆಷ್ಟು ಜನರ ಕಣ್ಣು ಬಿದ್ದಿತ್ತೋ ಅಂತ. ಕೇಳಿ ಹೂಂ ಅಂದಿದ್ದೆನೇ ಹೊರತು, ಕರಗಿದ್ದು ಎಲ್ಲಿಗೆ ಹೋಯ್ತು ಅಂತ ಇಪ್ಪತ್ತಾರು ವರ್ಷ ತುಕ್ಕು ಕೆರೆದ ಈ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಗಂಟು ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಭಾವನಿಗೆ ತುಕ್ಕಿನ ವಿಷಯ ಹೇಳಿದೆ, ಉಪ್ಪಿನ ವಿಷಯ ಹೇಳಲಿಲ್ಲ.

ಆಯುಧ ಪೂಜೆಗೆ ಎರಡು ತಿಂಗಳ ಮೇಲಿತ್ತು. ಪ್ರತಿ ವರ್ಷ ಹಬ್ಬದ ಮುಂಚೆ ಗಾಡಿಗಳಿಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಸೋದು ಪದ್ಧತಿ, ಆಗಲೇ ಅದನ್ನೂ ಮಾಡಿಸಿದ್ರಾಯ್ತು ಅಂದ್ರು ಭಾವ. ಅಷ್ಟು ದಿನ ತಡೆಯಲ್ಲ ಭಾವ ಅಂದೆ. ಅವರ ಕಷ್ಟ ನನಗೂ ಗೊತ್ತಿತ್ತು. ನಮ್ಮ ಟೈಮಿಂಗ್ ಮೇಲೆ ಇನ್ನೊಬ್ಬ ಮಾಲೀಕ ಕಣ್ಣಿಟ್ಟು ಕೂತಿದ್ದ. ನಾಲ್ಕು ದಿನ ಗಾಡಿ ನಿಂತರೆ ಅವನ ಬಸ್ಸು ಆ ಹೊತ್ತಿಗೆ ಬಂದು ನಿಲ್ಲುತ್ತೆ, ಒಮ್ಮೆ ಆ ಕಡೆ ಹೋದ ಜನ ವಾಪಸ್ ಬರಲ್ಲ. ಮಿಕ್ಕ ಮೂರು ಗಾಡಿ ಆ ಹೊತ್ತಿಗೆ ಬೇರೆ ದಾರಿಯಲ್ಲಿರ್ತಿದ್ವು. ಹಾಗಾದ್ರೆ ಬದಲಿ ಗಾಡಿ ತನ್ನಿ ಅಂದೆ. ಯಾವುದು ತರೋದು ಅನ್ನೋ ಜಗಳ ಶುರುವಾಯ್ತು. ಈಗ ಬರೋ ಹೊಸ ಉದ್ದ ಬಸ್ಸು ನಮ್ಮ ದಾರಿಯ ಹಳ್ಳಿ ತಿರುವುಗಳಲ್ಲಿ ತಿರುಗಲ್ಲ. ಚಿಕ್ಕ ಗಾಡಿ ತಂದರೆ ಅರ್ಧ ಹುಡುಗಿಯರು ರಸ್ತೆಯಲ್ಲೇ ನಿಲ್ಲಬೇಕು. ಅಕ್ಕ ಬಡಿಸಿದ ಮುದ್ದೆ ಆರಿಹೋಗೋ ತನಕ ವಾದ ಮಾಡ್ತಿದ್ವಿ. ಇದೇ ಜಗಳವನ್ನ ನಾನು ಹ್ಯಾಂಗರಿನಲ್ಲಿ ಹತ್ತು ವರ್ಷ ಕೇಳಿದ್ದೆ.

ಕೊನೆಗೆ ಭಾವ, ಮಂಗಳೂರು ಕಡೆ ಒಂದು ಸೆಕೆಂಡ್ ಹ್ಯಾಂಡ್ ಬಸ್ಸಿದೆಯಂತೆ, ನಮ್ಮದೇ ಅಳತೆ, ಬಾ ನೋಡಿಬರೋಣ ಅಂದ್ರು. ಹೋದ್ವಿ. ಗಾಡಿ ಫಳಫಳ ಅಂತಿತ್ತು. ಭಾವ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಸವರ್ತಾ ಇದ್ರು, ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು. ನಾನು ಜೇಬಿಂದ ಐದು ರೂಪಾಯಿ ಬಿಲ್ಲೆ ತೆಗೆದು ಪಕ್ಕದ ತಗಡಿನ ಮೇಲೆ ಬಡೀತಾ ಬಂದೆ. ಗಟ್ಟಿ ಕಬ್ಬಿಣ ಟಿಣ್ ಅನ್ನುತ್ತೆ, ಪುಟ್ಟಿ ಮೆತ್ತಿದ್ದು ತಟ್ ಅನ್ನುತ್ತೆ. ಮುಂದಿನ ಚಕ್ರದಿಂದ ಹಿಂದಿನ ಬಾಗಿಲ ತನಕ ಸೊಂಟದ ಕೆಳಗೆಲ್ಲ ತಟ್ ತಟ್ ತಟ್. ಸಮುದ್ರದ ಗಾಳಿ ಕುಡಿದ ಗಾಡಿ. ಬೀಗದ ಕೈಲಿ ಕೆರೆದೆ, ಪುಟ್ಟಿ ಚಕ್ಕೆ ಎದ್ದು ಅಂಗೈಯಗಲ ತೂತು ಕಾಣಿಸ್ತು. ಭಾವ ಕೆಳಗಿಳಿದು ಆ ತೂತನ್ನ ನೋಡಿದರು, ನನ್ನನ್ನ ನೋಡಿದರು. ವಾಪಸ್ ಬರ್ತಾ ಕಿಕ್ಕೇರಿ ದಾಟಿದ ಮೇಲೆ ಒಂದೇ ಮಾತು ಆಡಿದರು.

"ನಿನ್ ಕಣ್ಗೆ ಯಾವ್ ಗಾಡೀನೂ ನೆಟ್ಗಿಲ್ಲ ಬುಡು."

ಆಮೇಲೆ ನಾನು ಮಾಡಿದ್ದನ್ನ ಹೇಳೋಕೆ ಈಗಲೂ ನಾಚಿಕೆ. ಹಿಂದಿನ ಸೀಟಿಗೆ ಅಡ್ಡ ಹಗ್ಗ ಕಟ್ಟಿದೆ, ಯಾರೂ ಕೂರಬಾರದು ಅಂತ ಕೆಂಪಣ್ಣನಿಗೆ ಹೇಳಿದೆ, ಪುಸ್ತಕದಲ್ಲಿ ಸೈನ್ ಹಾಕಿದೆ. ಮೂರು ದಿನ ಹಾಕಿದೆ. ಗಾಡಿ ಹೋದಾಗಿಂದ ಬರೋ ತನಕ ನನಗೆ ಒಂದು ಕಡೆ ಕೂರೋಕಾಗ್ತಿರಲಿಲ್ಲ. ಮೂರನೇ ದಿನ ತಡೆಯಲಾರದೆ ಪಾಂಡವಪುರದ ಸರ್ಕಲ್ಲಿಗೆ ಹೋಗಿ ನಿಂತೆ. ಮಳೆಯಲ್ಲಿ ಗಾಡಿ ಬಂತು, ಬಾಗಿಲಲ್ಲೂ ಜನ ನೇತಾಡ್ತಿದ್ರು. ಹಿಂದಿನ ಗಾಜಿನಲ್ಲಿ ನೋಡ್ತೀನಿ, ಹಗ್ಗ ಬಿಚ್ಚಿ ಆ ಎಂಟೂ ಹುಡುಗಿಯರು ಕೂತವ್ರೆ. ಒಬ್ಬಳು ನನ್ನ ಗುರುತು ಹಿಡಿದು ಕೈ ಬೀಸಿದಳು. ನಾನು ಕೈ ಎತ್ತಲಿಲ್ಲ. ಗಾಡಿ ಗುಂಡಿಗೆ ಇಳಿದು ಹಿಂದೆ ಒಂದು ಸಲ ಕುಲುಕಿತು. ಆಮೇಲೆ ಶ್ರೀರಂಗಪಟ್ಟಣದ ರಸ್ತೆ ಹಿಡಿದು ಹೋಯ್ತು.

ಮಾರನೇ ದಿನ ಭೀಮನ ಅಮಾವಾಸ್ಯೆ. ಬೆಳಿಗ್ಗೆ ಆರೂಕಾಲಿಗೆ ಕೆಂಪಣ್ಣ ಪುಸ್ತಕ ಪೆನ್ನು ತಂದು ಮುಂದೆ ಹಿಡಿದ. ಇವತ್ತು ಹಾಕಲ್ಲ ಕೆಂಪಣ್ಣ ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಗಾಡಿ ಕೀ ತೆಗೆದು ಪುಸ್ತಕದ ಮೇಲೆ ಇಟ್ಟು, ಎರಡನ್ನೂ ತಗೊಂಡು ಹೋಗಿ ಭಾವನ ಮುಂದೆ ಇಟ್ಟುಬಿಟ್ಟ. ಭಾವ ತಲೆ ಮೇಲೆ ಟವಲ್ ಹಾಕ್ಕೊಂಡು ಮಳೆಯಲ್ಲೇ ಬಂದ್ರು. ಕಣ್ಣು ಕೆಂಪಗಿತ್ತು.

"ನಿನ್ನ ಓದ್ಸಿದ್ದು ನಾನು ಕಣ್ಲಾ. ಇವತ್ತು ನನ್ ಗಾಡೀಗೇ ಸೈನ್ ಆಕಲ್ಲ ಅಂತೀಯ?"

"ನೀವು ಓದ್ಸಿದ್ದಕ್ಕೇ ಆಕ್ತಿಲ್ಲ ಭಾವ."

ಎಲ್ಲಿಂದ ಬಂತೋ ಆ ಮಾತು. ಭಾವ ನನ್ನನ್ನ ಪಕ್ಕಕ್ಕೆ ತಳ್ಳಿ, ತಾವೇ ಡ್ರೈವರ್ ಸೀಟಿಗೆ ಹತ್ತಿ ಗಾಡಿ ಸ್ಟಾರ್ಟ್ ಮಾಡಿದ್ರು. ಆರು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ಗಾಡಿ ನಾಗಮಂಗಲದಿಂದ ತಿರುಗಿ ಬರೋ ಹೊತ್ತಿಗೆ ಕೆ.ಆರ್. ಪೇಟೆಯಲ್ಲಿ ಆ ಹುಡುಗಿಯರು ಕೊಡೆ ಹಿಡಿದು ನಿಂತಿರ್ತಾರೆ ಅನ್ನೋದೊಂದೇ ನನ್ನ ತಲೆಯಲ್ಲಿ.

ಅಷ್ಟರಲ್ಲಿ ಅಕ್ಕ ಹಿತ್ತಲ ಬಾಗಿಲಿಂದ ಬಂದಳು. ತಲೆಗೆ ಸ್ನಾನ ಮಾಡಿ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಮೆಣಸಿನಕಾಯಿ, ಕಲ್ಲುಪ್ಪು, ಹೊಸ ಕೆಂಪು ಬಟ್ಟೆ. ಅಮಾವಾಸ್ಯೆಯಲ್ವಾ. ಅವಳನ್ನ ಇದಕ್ಕೆ ಎಳೀಬಾರದು ಅಂತ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಆದರೆ ಭಾವನನ್ನ ನಿಲ್ಲಿಸೋಕೆ ಭೂಮಿ ಮೇಲೆ ಇನ್ಯಾರಿದ್ರು? ಬಾಕ್ಕ ಇಲ್ಲಿ ಅಂತ ಅವಳ ಕೈ ಹಿಡಿದು ಗಾಡಿ ಒಳಗೆ ಹತ್ತಿಸಿ ಹಿಂದಕ್ಕೆ ಕರ್ಕೊಂಡು ಹೋದೆ. ಮ್ಯಾಟ್ ಎತ್ತಿದೆ. ಇಲ್ಲಿ ಅಂಗೈಲಿ ಒತ್ತು ಅಂದೆ. ಅವಳು ಬಗ್ಗಿ ಒತ್ತಿದಳು. ಶೀಟು ಕಾಗದದ ಹಾಗೆ ಕುಸಿದು ಬಳೆಯ ತನಕ ಅವಳ ಕೈ ಒಳಗೆ ಹೋಯ್ತು. ತೂತಿನಲ್ಲಿ ಕೆಳಗಿನ ಕೆಸರು ನೆಲ ಕಾಣ್ತಿತ್ತು. ಇಂಜಿನ್ನಿನ ಅದುರಿಗೆ ತುಕ್ಕಿನ ಪುಡಿ ಉದುರ್ತಾನೇ ಇತ್ತು.

ಅಕ್ಕ ಕೈ ಎಳ್ಕೊಂಡಳು. ಗೀರಿದ ಕಡೆ ರಕ್ತ ಬಂದಿತ್ತು, ಅದನ್ನ ನೋಡಲಿಲ್ಲ. ಗಂಟು ಇರಬೇಕಾದ ಸೀಟಿನ ಕಾಲನ್ನ ನೋಡಿದಳು, ಅಲ್ಲಿ ಗಂಟಿರಲಿಲ್ಲ. ತೂತನ್ನ ನೋಡಿದಳು. ಎದ್ದು ಮುಂದಕ್ಕೆ ಹೋಗಿ ತಟ್ಟೆಯನ್ನ ಇಂಜಿನ್ ಬಾನೆಟ್ ಮೇಲೆ ಇಟ್ಟಳು. ಆ ದಿನ ಹೆಂಡತಿಯರು ಗಂಡನ ಪಾದಪೂಜೆ ಮಾಡೋ ದಿನ. ಅವಳು ದನಿ ಏರಿಸಲಿಲ್ಲ.

"ಇವತ್ತು ನಿಮ್ ಪಾದ ತೊಳೀಬೇಕು ನಾನು. ಆ ಕಾಲ ಪೆಡ್ಲು ಮ್ಯಾಲಿಂದ ತಗ್ದು ಕೆಳಕ್ಕಿಳೀರಿ."

ಭಾವ ಮುಂದಿನ ಗಾಜು ನೋಡ್ಕೊಂಡೇ ಕೂತಿದ್ರು. ವೈಪರ್ ಆಡ್ತಿತ್ತು. ಅವಳ ಕೈಯ ರಕ್ತ ಬಾನೆಟ್ ಮೇಲೆ ಒಂದೆರಡು ಹನಿ ಬಿದ್ದ ಮೇಲೆ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದ್ರು. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳೋ ಸದ್ದು ಜೋರಾಗಿ ಕೇಳಿಸ್ತು.

ಆ ದಿನ ಹುಡುಗಿಯರು ಒಂದು ಗಂಟೆ ಮಳೆಯಲ್ಲಿ ನಿಂತು ನಮಗೆ ಶಾಪ ಹಾಕಿದರಂತೆ. ಹಾಕಲಿ ಬಿಡಿ, ತಮ್ಮ ಕಾಲ ಮೇಲೆ ನಿಂತು ಹಾಕಿದರಲ್ಲ. ನಮ್ಮ ಟೈಮಿಂಗಿಗೆ ಬೇರೆ ಬಸ್ಸು ಬಂದದ್ದೂ ನಿಜ. ಭಾವ ಆಮೇಲೆ ಚಿಕ್ಕ ಗಾಡಿಯನ್ನೇ ಹೊಸದಾಗಿ ತಂದರು, ಅದನ್ನ ಬೆಳಿಗ್ಗೆ ಎರಡು ಟ್ರಿಪ್ಪು ಓಡಿಸಿದರು, ಹೋದ ಜನದಲ್ಲಿ ಅರ್ಧ ವಾಪಸ್ ಬಂದರು. ಒಂದನೇ ಗಾಡಿ ಮತ್ತೆ ರಸ್ತೆಗೆ ಇಳಿಯಲಿಲ್ಲ. ಗುಜರಿಯವನು ಬಂದು ಹಿಂದಿನ ಸೀಟಿಗೆ ಹಗ್ಗ ಕಟ್ಟಿ ಒಂದು ಸಲ ಎಳೆದದ್ದಷ್ಟೇ, ಎಡಗಡೆ ಮೂಲೆ ಸೀಟು ಸಮೇತ ಕೆಳಕ್ಕೆ ಬಿತ್ತು. ಭಾವ ಟೈರಿನ ಮೇಲೆ ಕೂತು ಅದನ್ನೇ ನೋಡ್ತಿದ್ರು. ಆವತ್ತಿನ ತನಕ ಅವರು ನನ್ನ ಹತ್ತಿರ ಮಾತು ಬಿಟ್ಟಿದ್ರು. ಗುಜರಿಯವನು ಹೋದ ಮೇಲೆ, ಟೀ ಕುಡೀತೀಯೇನ್ಲಾ ಸಾಮಿ ಅಂತ ಕೇಳಿದ್ರು.

ಅಕ್ಕ ಕೇಳಿದ್ದು ಆಮೇಲೆ, ಮೊರದಲ್ಲಿ ಅಕ್ಕಿ ಆರಿಸ್ತಾ ಕೂತಿದ್ದಾಗ. ತಲೆ ಎತ್ತಲಿಲ್ಲ.

"ಗಾಡಿ ಎಲ್ಲಾ ಗಟ್ಟಿಗಿತ್ತು ಅಂದ್ಯಲ್ಲ, ಆ ಮೂಲೆ ಒಂದೇ ಯಾಕ್ಲಾ ತಿಂದೋಯ್ತು?"

ಹದಿನಾಲ್ಕು ವರ್ಷ ಆ ಗಾಡಿಯನ್ನ ಕಾಯ್ತಿದ್ದೀನಿ ಅಂತ ತಿಳ್ಕೊಂಡು ಕಟ್ಟಿದ ಕೈ ಅದು, ಗೀರಿದ ಗಾಯದ ಕಲೆ ಇನ್ನೂ ಇತ್ತು. ಇನ್ನು ಸುಳ್ಳಿಗೆ ಸೈನ್ ಹಾಕಲ್ಲ ಅಂತ ಭಾವನ ಎದುರು ನಿಂತ ನಾನು, ಅವಳ ಎದುರು ಒಂದು ಹಾಕಿದೆ. ಕನ್ನಂಬಾಡಿ ಮೀನಿನ ಪೆಟ್ಟಿಗೆ ಇಡ್ತಿದ್ರಲ್ಲಕ್ಕ ಅಲ್ಲಿ, ಮೀನಿನ ನೀರು ಇಳಿದು ಹಂಗಾಯ್ತು ಅಂದೆ. ಅವಳು ಊಂ ಅಂದು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ಅಲ್ಲಿಂದ ಈಚೆಗೆ ಎರಡು ವರ್ಷ ಅವಳು ಯಾವ ಗಾಡಿಗೂ ಉಪ್ಪು ಕಟ್ಟಲಿಲ್ಲ. ನಾನೂ ಯಾಕೆ ಅಂತ ಕೇಳಲಿಲ್ಲ.

ನಾಗಮಂಗಲದಿಂದ ಬಂದ ಮಾರನೇ ದಿನ, ಅಂದ್ರೆ ನಿನ್ನೆ ಬೆಳಿಗ್ಗೆ, ಚಿಕ್ಕ ಗಾಡಿ ಚೆಕ್ ಮಾಡ್ತಿದ್ದೆ. ಹಿಂದಿನ ಸೀಟಿನ ಅಡಿ, ಎಡಗಡೆ ಮೂಲೆಯಲ್ಲಿ, ಕೈಗೆ ಏನೋ ತಣ್ಣಗೆ ತಗಲಿತು. ಸ್ಟೀಲ್ ಡಬ್ಬಿ. ಮುಚ್ಚಳದ ಸುತ್ತ ಸೈಕಲ್ ಟ್ಯೂಬ್ ಬಿಗಿದಿತ್ತು, ಅದರ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ, ಸೀಟಿನ ಕಾಲಿಗೆ ದಾರದಲ್ಲಿ ಕಟ್ಟಿತ್ತು. ಬಿಚ್ಚಿ ನೋಡಿದೆ. ಕೆಂಪು ಬಟ್ಟೆ, ಒಳಗೆ ಕಲ್ಲುಪ್ಪು. ಹೊರಗೆ ಅಷ್ಟು ಮಳೆ ಹುಯ್ಯುತ್ತಿದ್ದರೂ ಡಬ್ಬಿ ಅಲ್ಲಾಡಿಸಿದರೆ ಗಲಗಲ ಅಂತಿತ್ತು. ಕರಗಿದರೆ ಖುಷಿಪಡ್ತಿದ್ದ ಅಕ್ಕ, ಮೊನ್ನೆ ಅಮಾವಾಸ್ಯೆ ದಿನ ನಾನು ಇಲ್ಲದಾಗ, ಉಪ್ಪು ಕರಗದ ಹಾಗೆ ಕಟ್ಟಿದ್ದಳು. ಮೀನಿನ ನೀರಿನ ಕತೆಯನ್ನ ಅವಳು ಒಂದು ಗಳಿಗೆಯೂ ನಂಬಿರಲಿಲ್ಲ.

ಟ್ಯೂಬನ್ನ ಮೊದಲಿನ ಹಾಗೇ ಬಿಗಿದು ಡಬ್ಬಿಯನ್ನ ಅದರ ಜಾಗದಲ್ಲೇ ಕಟ್ಟಿದೆ. ಕೆಂಪಣ್ಣ ಪುಸ್ತಕ ಹಿಡ್ಕೊಂಡು ಕಾಯ್ತಿದ್ದ. ಹಿಂದಿನ ಸೀಟಿನ ಕೆಳಗೆ ನೋಡಿದೆ, ಒಣಗಿದೆ ಅಂತ ಬರೆದು ಸೈನ್ ಹಾಕಿದೆ.